ಲೋಕೇಶನ ಕೊನೆಯ ಪದ್ಯ

ಗೆಳೆಯ ಲೋಕೇಶನ ಪದ್ಯಗಳೆಂದರೆ ನನಗೆ ಹೇಸಿಗೆ. ಸಾಲುಸಾಲಿಗೂ ಹೆಣ, ಹುಳ, ಹೇಮ. ಅವನು ಹಿಂದೆ ಬಿದ್ದಿದ್ದ ಹುಡುಗಿ, ಆ ಹೇಮ ನೋಡಲಿ ಎಂದೇ ಚಿನಕುರಳಿಯ ಕಲ್ಲು ಕ್ವಾರಿಯ ನೀರಿಗೆ ಬೈಕ್ ಸಮೇತ ಹಾರಿ ಸತ್ತ ಪೆದ್ದ ಅವನು.

ಹನ್ನೊಂದನೇ ದಿನ ಮಧ್ಯಾಹ್ನ, ಸತ್ತವನು ಬಂದು ಉಣ್ಣಲೆಂದು ಎಡೆಯಿಟ್ಟು ಕೋಣೆಯ ಬಾಗಿಲು ಮುಚ್ಚಿದರು. ಹೊರಗೆ ಕೂತಿದ್ದ ಅವನ ತಾಯಿ ಬೀರಮ್ಮನಿಗೆ ಓದು ಬಾರದು.

"ನನ್ ಮಗ ಬರ್ದಿದ್ನ ಒಂದ್ಸಲ ಓದ್ಬುಡ್ಲಾ, ಅವ್ನೂ ಕೇಳ್ಲಿ" ಎಂದು ನೋಟ್‌ಬುಕ್ಕು ಕೊಟ್ಟರು.

ಕೊನೆಯ ಪದ್ಯ ಓದಿದೆ. ಕೊಳೆತ ತುಟಿಯ ಮುತ್ತಿನ ಸಾಲೊಂದನ್ನು ಅಸಹ್ಯಪಟ್ಟು ಬಿಟ್ಟೆ. ಬಾಗಿಲ ಸಂದಿಯಿಂದ ತಣ್ಣಗೆ ಪಾಚಿಯ ವಾಸನೆ ಬಂತು.

"ಒಂದ್ ಸಾಲ್ ನುಂಗ್ಬುಟ್ಟೆ ಕಣ್ಲಾ" ಎಂದ ಬೀರಮ್ಮ, ಬಾಗಿಲಿಗೆ ಕಿವಿಗೊಟ್ಟು ಅದನ್ನು ಅಕ್ಷರ ತಪ್ಪದೆ ಹೇಳಿದರು. ಆಮೇಲೆ, ನೋಟ್‌ಬುಕ್ಕಿನಲ್ಲಿ ಇಲ್ಲದ ನಾಲ್ಕು ಸಾಲು ಹೇಳಿದರು, ನೀರಿನ ತಳದ ಬಗ್ಗೆ.

ಅವು ಚೆನ್ನಾಗಿದ್ದವು.