ಐದನೇ ಡ್ರೈವ್

“ನನ್ನ ಒಂಬತ್ತು ವರ್ಷ ಎಲ್ಲಿ?”

ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು ಇದು. ಕಂಪ್ಯೂಟರಿನ ಡಬ್ಬವನ್ನು ಹಟ ಮಾಡುವ ಮಗುವಿನ ಹಾಗೆ ಸೊಂಟದ ಮೇಲೆ ಹೊತ್ತುಕೊಂಡು ಅಂಗಡಿ ಬಾಗಿಲಲ್ಲಿ ನಿಂತಿದ್ದಳು. ಏದುಸಿರು. ಕಣ್ಣಿನ ಕೆಳಗೆ ಕಪ್ಪು.

ಹಿಂದಿನ ದಿನ ಕಂಪ್ಯೂಟರ್ ರಿಪೇರಿಗೆ ಅವಳ ಸ್ಟುಡಿಯೋಗೆ ನಾನೇ ಹೋಗಿದ್ದೆ. ಅವಳಿರಲಿಲ್ಲ, ಅವಳಣ್ಣ ಇದ್ದ. ಅವಳು ಮದುವೆ ಆಲ್ಬಂ ಮಾಡುವವಳು. ಹಾರ್ಡ್ ಡಿಸ್ಕನ್ನು ಐದು ಪಾರ್ಟಿಷನ್ ಆಗಿ ಒಡೆದಿಟ್ಟಿದ್ದಳು: ‘ಹೊಸದು’, ‘ಹೊಸದು ಎರಡು’, ‘ಫೈನಲ್’, ‘ಫೈನಲ್ ಫೈನಲ್’, ‘ಇದೇ ಫೈನಲ್’. ಇಂಥ ಗಲೀಜು ಕಂಡರೆ ನನಗೆ ಮೈ ಉರಿಯುತ್ತದೆ. ಎಲ್ಲ ಒಟ್ಟು ಮಾಡಿ ಎರಡಕ್ಕೆ ಇಳಿಸಿದೆ. ಅವಳಣ್ಣ ಕುರ್ಚಿಗೆ ಒರಗಿ, “ಎಷ್ಟನೇ ಕ್ಲಾಸ್ ಓದಿದ್ದೀಯಪ್ಪ?” ಎಂದ. ಬಿಚ್ಚಿದ ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ನನ್ನ ಅಭ್ಯಾಸ. ಸ್ಕ್ರೂ ಕಳೆಯುವುದಿಲ್ಲ, ಇಂಥವರಿಗೆ ಉತ್ತರ ಕೊಡುವ ಕರ್ಮವೂ ತಪ್ಪುತ್ತದೆ.

ಈಗ ಅವಳ ಆಲ್ಬಂಗಳೆಲ್ಲ ಖಾಲಿ ಖಾಲಿ ತೆರೆಯುತ್ತಿದ್ದವು. ಚೌಕಟ್ಟು ಇದೆ, ಫೋಟೋ ಇಲ್ಲ.

“ಅಳಿಸಿಲ್ಲ ಮೇಡಂ. ಮನೆ ನಂಬರ್ ಬದಲಾಗಿದೆ, ಮನೆ ಅಲ್ಲೇ ಇದೆ,” ಎಂದೆ. ಅವಳ ಸಾಫ್ಟ್‌ವೇರ್ ಫೋಟೋಗಳನ್ನು ‘ಎಫ್’ ಡ್ರೈವಿನಲ್ಲಿ ಹುಡುಕುತ್ತಿತ್ತು. ನಾನು ಅದನ್ನು ‘ಡಿ’ ಮಾಡಿಟ್ಟಿದ್ದೆ. ಅಕ್ಷರ ಬದಲಿಸಿದೆ. ಯಾರದೋ ಮದುವೆ ಪರದೆ ತುಂಬ ನಗುತ್ತಾ ಬಂದು ನಿಂತಿತು.

ಅವಳು ಸ್ಟೂಲಿನ ಮೇಲೆ ಕುಸಿದಳು. “ಇಷ್ಟೇನಾ? ದಾರಿಯುದ್ದಕ್ಕೂ ನಿಮಗೆ ಶಾಪ ಹಾಕ್ಕೊಂಡು ಬಂದೆ.”

“ವಾಪಸ್ ತಗೊಳ್ಳಿ.”

“ಅರ್ಧ ತಗೋತೀನಿ. ಹೇಳದೆ ಕೇಳದೆ ಬದಲಾಯಿಸಿದ್ದಕ್ಕೆ ಇನ್ನರ್ಧ ಇರಲಿ.”

ಆಮೇಲೆ ನಕ್ಕಳು. ಸುಸ್ತಾದವರ ನಗು, ಒಂದು ಕಡೆ ತುಟಿ ಮಾತ್ರ ಏಳುವಂಥದ್ದು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಅವಳ ಹತ್ತಿರ ಹಳೆಯ ಹಾರ್ಡ್ ಡ್ರೈವ್‌ಗಳು ನಾಲ್ಕಿದ್ದವಂತೆ. ಕೆಟ್ಟ ಕಂಪ್ಯೂಟರುಗಳಿಂದ ಬಿಚ್ಚಿ ಹಳೇ ಟವೆಲಿನಲ್ಲಿ ಸುತ್ತಿಟ್ಟವು. ಎಲ್ಲವನ್ನೂ ಹೊಸದೊಂದು ದೊಡ್ಡ ಡ್ರೈವಿಗೆ ತುಂಬಿಸಬೇಕು. ಒಂದಕ್ಕೆ ಮೂರು ಗಂಟೆಯ ಕೆಲಸ. ನಾನು ಬಾಯಿ ತೆರೆದೆ, ಬಂದದ್ದು ಸುಳ್ಳು.

“ಒಂದೊಂದಕ್ಕೂ ಒಂದು ವಾರ ಬೇಕು. ಸೋಮವಾರ ತಂದುಕೊಡಿ, ಶನಿವಾರ ಬನ್ನಿ.”

ಅಂಗಡಿ ನನ್ನ ಸೋದರಮಾವನದು. ಅವನು ಪೇಪರಿನ ಹಿಂದಿನಿಂದ ಕೆಮ್ಮಿದ.

ಹೀಗೆ ಸೋಮವಾರ, ಶನಿವಾರ. ಸೋಮವಾರ ದೊಡ್ಡ ಡ್ರೈವಿನ ಜೊತೆ ಒಂದು ಹಳೆಯದು ತರುವಳು. ಶನಿವಾರ ಎರಡನ್ನೂ ಒಯ್ದು ಮನೆಯಲ್ಲಿ ನೋಡುವಳು. ಮಾವ ಅವಳಿಗೆ ‘ಆಲ್ಬಂ’ ಅಂತ ಹೆಸರಿಟ್ಟ. ಅವಳು ನನಗೆ ಇಟ್ಟದ್ದು ‘ಸ್ಕ್ರೂ’. ಸರಿಯಾಗಿ ನನ್ನ ಬಾಯಲ್ಲಿ ಸ್ಕ್ರೂ ಇರುವಾಗಲೇ ಪ್ರಶ್ನೆ ಕೇಳುವಳು.

“ಊಟ ಆಯ್ತಾ ಸ್ಕ್ರೂ ಅವರೇ?”

“ಊಂ.”

“ಯಾವಾಗಲೂ ಯಾಕೆ ಸಿಟ್ಟು?”

“ಊಂ.”

“ನಾನು ಬಂದರೆ ಬೇಜಾರಾ?”

ಆಗ ಎರಡು ಸ್ಕ್ರೂ ನುಂಗುವುದರಲ್ಲಿದ್ದೆ.

ಇನ್ನೊಬ್ಬರ ಮದುವೆಗಳನ್ನು ಅಂಟಿಸಿ ಅಂಟಿಸಿ ಅವಳಿಗೆ ಕಣ್ಣು ಸೋತುಹೋಗಿತ್ತು. “ಒಂಬತ್ತು ವರ್ಷದಲ್ಲಿ ಎಷ್ಟು ಹೆಣ್ಣುಗಳ ಮೊಡವೆ ಅಳಿಸಿದ್ದೀನಿ ಗೊತ್ತಾ?” ಎನ್ನುವಳು. ಮಾತಾಡುತ್ತಲೇ ಟೇಬಲ್ಲಿಗೆ ತಲೆ ಆನಿಸಿ ಎರಡು ನಿಮಿಷ ಕಣ್ಣು ಮುಚ್ಚುವಳು. ನಾನು ಫ್ಯಾನನ್ನು ಅವಳ ಕಡೆ ತಿರುಗಿಸುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಮಾತು ನನಗೆ ಬರುತ್ತಿರಲಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟವನಿಗೆ ಸಿಟ್ಟು ಬಿಟ್ಟು ಬೇರೆ ಭಾಷೆ ಯಾರು ಕಲಿಸಿದ್ದರು?

ನಾಲ್ಕೂ ಮುಗಿದವು. ಆ ಶನಿವಾರ ಅವಳು ಥ್ಯಾಂಕ್ಸ್ ಹೇಳಿ ಹೋದಳು. ಭಾನುವಾರ ಪೂರ್ತಿ ಗೋಡೆ ನೋಡಿದೆ.

ಸೋಮವಾರ ಅವಳು ಮತ್ತೆ ಬಂದಳು. ಟವೆಲಿನಲ್ಲಿ ಐದನೆಯದು.

“ನಾಲ್ಕು ಅಂದಿದ್ರಿ?”

“ಇದು ಕಪಾಟಿನ ಮೂಲೆಯಲ್ಲಿತ್ತು.” ನನ್ನ ಮುಖ ನೋಡಲಿಲ್ಲ. “ಜೋಪಾನ. ಇದರಲ್ಲಿ ಇರೋದು ನನಗೆ ತುಂಬಾ ಬೇಕಾದ್ದು.”

ಅವಳು ಹೋದ ಮೇಲೆ ಡ್ರೈವ್ ಜೋಡಿಸಿದೆ. ಪರದೆಯ ಮೇಲೆ ಒಂದು ಪೆಟ್ಟಿಗೆ ಎದ್ದು ಏನೋ ಕೇಳಿತು. ಓದಲಿಲ್ಲ. ಅವಳು ಮುಖ ತಿರುಗಿಸಿದ್ದು ಯಾಕೆ ಎಂದು ಯೋಚಿಸುತ್ತಾ ‘ಓಕೆ’ ಒತ್ತಿದೆ.

ಒತ್ತಿದ ಮೇಲೆ ಓದಿದೆ. ಡ್ರೈವನ್ನು ಹೊಸದಾಗಿ ಸಿದ್ಧಮಾಡಲೇ ಎಂದು ಕೇಳಿತ್ತು. ಇದ್ದ ಪಾರ್ಟಿಷನ್‌ಗಳ ಪಟ್ಟಿಯನ್ನೇ ಒರೆಸಿಹಾಕುವ ಪ್ರಶ್ನೆ. ಈ ಕೆಲಸ ಕಲಿಯುವವನಿಗೆ ಮೊದಲ ದಿನವೇ ಹೇಳುವ ಮಾತು: ಹಳೇ ಡ್ರೈವ್ ಹಾಕಿದಾಗ ಏನು ಕೇಳಿದರೂ ಬೇಡ ಅನ್ನು.

ಡ್ರೈವ್ ಖಾಲಿ ತೋರಿಸುತ್ತಿತ್ತು.

ಐದು ದಿನ. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್‌ಗಳು ಎಷ್ಟಿವೆಯೋ ಅಷ್ಟನ್ನೂ ಓಡಿಸಿದೆ. ಬೇರೆ ಗಿರಾಕಿಗಳ ಮೇಲೆ ರೇಗಿದೆ. ಪ್ರತಿ ಸಲ ಒಂದೇ ಉತ್ತರ: ಏನೂ ಸಿಗಲಿಲ್ಲ. ಒಂದು ಫೋಟೋ ಇಲ್ಲ, ಫೋಟೋದ ಚೂರೂ ಇಲ್ಲ.

“ಬ್ಯಾಡ್ ಸೆಕ್ಟರ್ ಅಂತ ಹೇಳಿಬಿಡೋ,” ಎಂದ ಮಾವ. “ಡ್ರೈವ್ ತಾನಾಗೇ ಸತ್ತಿತ್ತು ಅಂದ್ರೆ ಯಾರು ಕೇಳ್ತಾರೆ?”

“ಅವಳು ಬೇಕಾದ್ದು ಅಂದಿದ್ಲು ಮಾವ.”

“ನಿಜ ಹೇಳಿದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ. ಆಮೇಲೆ ನಿನ್ನ ಸಿಟ್ಟು ತಡ್ಕೊಳ್ಳೋರು ಯಾರು, ನಾನಾ?”

ಶನಿವಾರ ಅವಳು ಬಂದಾಗ ನಾನು ಯಾವುದೋ ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದೆ. ಬಾಯಲ್ಲಿ ನಾಲ್ಕು ಸ್ಕ್ರೂ.

“ಆಯ್ತಾ?”

ಇನ್ನೊಂದು ಸ್ಕ್ರೂ ಬಿಚ್ಚತೊಡಗಿದೆ.

ಅವಳು ನನ್ನ ಗಲ್ಲದ ಕೆಳಗೆ ಅಂಗೈ ಹಿಡಿದಳು. “ಬಿಡಿ ಇಲ್ಲಿ. ಇವತ್ತು ಮಾತಾಡಬೇಕು.”

ಒಂದೊಂದಾಗಿ ಬಿಟ್ಟೆ. ನನ್ನ ಎಂಜಲಿನ ಸ್ಕ್ರೂಗಳ ಮೇಲೆ ಅವಳು ಮುಷ್ಟಿ ಮುಚ್ಚಿದಳು. ಮುಖ ಕಿವುಚಲಿಲ್ಲ.

“ನಿಮ್ಮ ಐದನೇ ಡ್ರೈವನ್ನ ನಾನೇ ಅಳಿಸಿಬಿಟ್ಟೆ,” ಎಂದೆ. “ಓದದೆ ಓಕೆ ಒತ್ತಿದೆ. ಐದು ದಿನ ಹುಡುಕಿದ್ದೀನಿ, ಏನೂ ಉಳಿದಿಲ್ಲ. ಇನ್ನೂ ಒಂದಿದೆ. ಒಂದು ಡ್ರೈವಿಗೆ ವಾರ ಬೇಕಾಗಿರಲಿಲ್ಲ. ಮೂರು ಗಂಟೆ ಸಾಕಿತ್ತು. ನೀವು ವಾರಕ್ಕೆ ಎರಡು ಸಲ ಬರಲಿ ಅಂತ ಸುಳ್ಳು ಹೇಳಿದೆ. ಅವತ್ತಿನ ಅರ್ಧ ಶಾಪ ಬಾಕಿ ಇದೆಯಲ್ಲ, ಹಾಕಿಬಿಡಿ.”

ಪೇಪರಿನ ಹಿಂದೆ ಮಾವ ಉಸಿರಾಡುವುದನ್ನೇ ನಿಲ್ಲಿಸಿದ್ದ.

“ಮೂರು ಗಂಟೆ ಅಂತ ಗೊತ್ತು,” ಎಂದಳು.

“ಏನು?”

“ಒಂಬತ್ತು ವರ್ಷದಿಂದ ತಾರೀಕು ನೋಡಿ ನೋಡಿ ಫೋಟೋ ಜೋಡಿಸೋಳು ನಾನು. ಕಾಪಿ ಆದ ಗಳಿಗೆ ಫೈಲಿನ ಮೇಲೇ ಬರೆದಿರುತ್ತೆ. ಎಲ್ಲಾ ಸೋಮವಾರ ಮಧ್ಯಾಹ್ನ ಆಗಿದ್ದು. ಎರಡನೇ ವಾರವೇ ನೋಡಿದೆ.”

“ಮತ್ತೆ ಯಾಕೆ ಬರ್ತಿದ್ರಿ?”

ಅವಳು ಐದನೇ ಡ್ರೈವನ್ನು ಟವೆಲಿನಿಂದ ತೆಗೆದು ಟೇಬಲ್ಲಿನ ಮೇಲಿಟ್ಟಳು. “ಇದನ್ನ ಅಣ್ಣ ಯಾವಾಗಲೋ ತಂದು ಮರೆತುಬಿಟ್ಟಿದ್ದ. ಹಳೇದೇ, ಆದ್ರೆ ಯಾರೂ ಒಂದು ಅಕ್ಷರ ಬರೆದಿಲ್ಲ ಇದರಲ್ಲಿ. ಅಳಿಸೋಕೆ ಏನಿತ್ತು?”

ಹೊಸ ಡ್ರೈವ್ ಹಾಕಿದರೂ ಅದೇ ಪೆಟ್ಟಿಗೆ ಏಳುತ್ತದೆ, ಅದೇ ಪ್ರಶ್ನೆ ಕೇಳುತ್ತದೆ. ಅಳಿಸಿದ್ದಾದರೆ ಚೂರಾದರೂ ಸಿಗಬೇಕಿತ್ತು. ಐದು ದಿನ ನನಗೆ ಇದು ಹೊಳೆಯಲೇ ಇಲ್ಲ.

“ಕೆಲಸ ಬಲ್ಲೋರಿಗೆ ಗೊತ್ತಾಗಬೇಕಿತ್ತಪ್ಪ,” ಎಂದಳು.

ಸಿಟ್ಟು ನೆತ್ತಿಗೇರಿ ಎದ್ದು ನಿಂತೆ. “ಐದು ದಿನ ಸತ್ತಿದ್ದೀನಿ ರೀ ನಾನು! ತುಂಬಾ ಬೇಕಾದ್ದು ಅಂದ್ರಲ್ಲ? ಏನಿತ್ತು ಇದರಲ್ಲಿ?”

“ಇನ್ನೊಂದು ಶನಿವಾರ.”

ಫ್ಯಾನು ತಿರುಗುತ್ತಿತ್ತು. ನಾನು ಮತ್ತೆ ಕೂತೆ. ಅವಳೂ ಎದುರಿನ ಸ್ಟೂಲಿನಲ್ಲಿ ಕೂತಳು. ಇಬ್ಬರೂ ಲೋಡು ಇಳಿಸಿ ಬಂದವರ ಹಾಗಿದ್ದೆವು.

“ಏಳನೇ ಕ್ಲಾಸು,” ಎಂದೆ.

“ಏನದು?”

“ನಿಮ್ಮಣ್ಣ ಕೇಳಿದ್ರು. ಎಂಟಕ್ಕೆ ಸೇರಿ ಬಿಟ್ಟೆ.”

“ನಾನು ಕೇಳಿದ್ನಾ?” ಮುಷ್ಟಿ ಬಿಚ್ಚಿ ಸ್ಕ್ರೂಗಳನ್ನು ಲೆಕ್ಕ ಹಾಕಿದಳು. ನಾಲ್ಕೂ ಇದ್ದವು. “ನಾನು ಕೇಳಿದ್ದೇ ಬೇರೆ. ನಾನು ಬಂದರೆ ಬೇಜಾರಾ ಅಂತ ಕೇಳಿದ್ದೆ. ಬಾಯಲ್ಲಿ ಸ್ಕ್ರೂ ಇಟ್ಕೊಂಡು ತಪ್ಪಿಸ್ಕೊಂಡೆ ನೀನು.”

ನೀನು ಎಂದಿದ್ದಳು. ನನಗೆ ಕೇಳಿಸಿತು. ಮಾವನಿಗೂ ಕೇಳಿಸಿತು, ಪೇಪರ್ ಒಂದಿಷ್ಟು ಕೆಳಗಿಳಿಯಿತು.

“ಬರದಿದ್ದರೆ ಬೇಜಾರು,” ಎಂದೆ.

ಅವಳು ನಕ್ಕಳು, ಆ ಒಂದು ಕಡೆಯ ನಗು. ಆಮೇಲೆ ಟೇಬಲ್ಲಿನ ಮೇಲೆ ನನ್ನ ತೋಳಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. “ಎರಡು ನಿಮಿಷ. ಅಲ್ಲಾಡಬೇಡ.”

“ಸೋಮವಾರ?”

“ಬರ್ತೀನಿ. ಕೈಬೀಸ್ಕೊಂಡು ಬರ್ತೀನಿ, ಇನ್ನು ಡ್ರೈವ್ ಹುಡುಕೋಕೆ ನನ್ನ ಕೈಲಿ ಆಗಲ್ಲ.”

ಮಾವ ಎದ್ದು ಬಂದ. ನನ್ನನ್ನು ಒಂದು ಸಲ, ಅವಳನ್ನು ಒಂದು ಸಲ ನೋಡಿ, ಫ್ಯಾನನ್ನು ನಮ್ಮ ಕಡೆ ತಿರುಗಿಸಿ ಹೊರಗೆ ಹೋದ. ನನ್ನ ತೋಳು ಜೋಮು ಹಿಡಿಯತೊಡಗಿತ್ತು. ಹಿಡಿಯಲಿ ಎಂದುಕೊಂಡೆ.