ಒಳಗಡೆ ಸವೆದ ಟೈರು

ಪಿಸ್ತೂಲಿನ ಮೂತಿ ನನ್ನ ಪಕ್ಕೆಗೆ ಒತ್ತಿಕೊಂಡಿತ್ತು.

"ಅಲ್ಲಾಡಿದ್ರೆ ಹೊಟ್ಟೇಲಿ ತೂತು," ಎಂದ ಪಕ್ಕದಲ್ಲಿದ್ದ ಕನ್ನಡಕದವನು.

ನಾನು ಅಲ್ಲಾಡಲಿಲ್ಲ. ಆಗಲೇ ಎರಡು ಹಲ್ಲು ಉದುರಿದ್ದವು. ಮುಂದೆ ಡ್ರೈವರ್ ಪಕ್ಕದ ಸೀಟಿನಲ್ಲಿ ನನ್ನ ಭಾವ, ಅಕ್ಕನ ಗಂಡ. ಕೈ ಎರಡನ್ನೂ ಟೇಪು ಸುತ್ತಿ ಕಟ್ಟಿದ್ದರು. ಕಿವಿಯಿಂದ ಸೋರಿದ ರಕ್ತಕ್ಕೆ ಕಾಲರ್ ಒದ್ದೆಯಾಗಿತ್ತು. ಡಿಕ್ಕಿಯಲ್ಲಿ ಇನ್ನೊಬ್ಬನಿದ್ದ. ಅವನಿಗೆ ಪಿಸ್ತೂಲಿನ ಭಯವಿರಲಿಲ್ಲ... ಸತ್ತಿದ್ದ.

ಅವನೊಬ್ಬ ವಕೀಲ. ಕಾಣೆಯಾದವರನ್ನು ಹುಡುಕಿ ಕೊಡುವುದು ನನ್ನ ಕಸುಬು ನೋಡಿ. ಅವನನ್ನು ಹುಡುಕುತ್ತಲೇ ಈ ಕಾರಿನ ಬೆನ್ನು ಬಿದ್ದಿದ್ದೆ.

ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ಕಾರು ನಿಂತಾಗ ಎಡ ಮುಂದಿನ ಟೈರು ಕಣ್ಣಿಗೆ ಬಿತ್ತು. ಹೊರ ಅಂಚು ಹೊಸದರ ಹಾಗಿದೆ, ಒಳ ಅಂಚು ಸವೆದು ತಂತಿ ಇಣುಕುತ್ತಿದೆ. ವಕೀಲ ಡಿಕ್ಕಿಯಲ್ಲೇ ಇರಬಹುದೆಂಬ ಗುಮಾನಿ; ಅದನ್ನು ತೆಗೆಸಲು ನನಗೊಂದು ನೆಪ ಬೇಕಿತ್ತು. ಸಿಕ್ಕಿತು.

"ಅಣ್ಣಾ, ಈ ಟೈರಲ್ಲಿ ಹೈವೇಗೆ ಹೋದ್ರೆ ಢಮಾರ್ ಅನ್ನುತ್ತೆ," ಎಂದೆ ಡ್ರೈವರ್‌ಗೆ. "ಮುಂದಿನ ತಿರುವಲ್ಲಿ ಅಲೈನ್‌ಮೆಂಟ್ ಅಂಗಡಿ ಇದೆ. ಒಳ್ಳೆ ಮೆಕ್ಯಾನಿಕ್ಕು."

ಆ ಮೆಕ್ಯಾನಿಕ್ಕೇ ಭಾವ. ಅವರಿಗೆ ಒಂದು ಫೋನ್ ಕೂಡ ಮಾಡಲಿಲ್ಲ. ಹೇಳಿದ್ದರೆ ಸುತರಾಂ ಒಪ್ಪುತ್ತಿರಲಿಲ್ಲ, ಅದಕ್ಕೇ.

ಅಲೈನ್‌ಮೆಂಟ್‌ಗೆ ಮುಂಚೆ ಭಾವ ಡಿಕ್ಕಿ ಖಾಲಿ ಮಾಡುತ್ತಾರೆ. ಹಿಂದೆ ಭಾರವಿದ್ದರೆ ಕಾರು ಕುಗ್ಗಿ ಚಕ್ರದ ಅಳತೆ ತಪ್ಪುತ್ತದೆ. ಇದು ನನಗೆ ಗೊತ್ತಿತ್ತು, ಡ್ರೈವರ್‌ಗೆ ಗೊತ್ತಿರಲಿಲ್ಲ. ಟೈರಿನ ಕೆಲಸ ಎಂದರೆ ಚಕ್ರದ ಕೆಲಸ ಅಷ್ಟೇ ಅಂದುಕೊಂಡಿದ್ದ ಪುಣ್ಯಾತ್ಮ. ಹೆಣ ಒಳಗಿಟ್ಟುಕೊಂಡೇ ಬಂದು, ಕೀ ಕೊಟ್ಟು ಸಿಗರೇಟು ಹಚ್ಚಿದ. ಕನ್ನಡಕದವನು ಫೋನಿನಲ್ಲಿ ಮುಳುಗಿದ್ದ. ಊಟದ ಹೊತ್ತು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಭಾವ ಡಿಕ್ಕಿ ಎತ್ತಿದರು.

ಹೊರಗೆ ಕಾಯುತ್ತಿದ್ದ ನಾನು ಒಳಗೆ ನುಗ್ಗುವಷ್ಟರಲ್ಲಿ ಕನ್ನಡಕದವನ ಕಬ್ಬಿಣದ ರಾಡು ಅವರ ತಲೆಗೆ ಬಿದ್ದಾಗಿತ್ತು. ಎರಡನೇ ಏಟು ನನ್ನ ಬಾಯಿಗೆ ಬಿತ್ತು.

ಈಗ ಹೈವೇ. ಟೈರು ಮಾತ್ರ ಅದೇ.

"ಎಲ್ಲಿಗೆ ಕರ್ಕೊಂಡು ಹೋಗ್ತಿದೀರ?"

"ಕಲ್ಲು ಕ್ವಾರಿಗೆ. ಮೂರು ಜನಕ್ಕೂ ಜಾಗ ಇದೆ," ಎಂದ ಕನ್ನಡಕದವನು.

ಕಾರು ಎಡಕ್ಕೆ ಎಳೆಯುತ್ತಿತ್ತು. ಡ್ರೈವರ್ ಸ್ಟೀರಿಂಗ್ ಹಿಡಿದು ಒದ್ದಾಡುತ್ತಿದ್ದ.

"ನಿಧಾನಕ್ಕೆ ಹೋಗಪ್ಪ," ಎಂದರು ಭಾವ. "ಜೋರಾಗಿ ಹೋದ್ರೆ ಆ ಟೈರ್ ತಡೆಯಲ್ಲ."

ಟೈರು ಸಿಡಿದರೆ ಕಾರು ಎಡಕ್ಕೆ ನುಗ್ಗುತ್ತದೆ. ಮೊದಲು ಜಜ್ಜಿ ಹೋಗುವುದು ಭಾವ ಕೂತ ಸೀಟು. ಸಿಡಿಯದಿದ್ದರೆ ಕ್ವಾರಿ.

ನಿಮಗೆ ಬೇರೆ ದಾರಿ ಹೊಳೆದರೆ ಹೇಳಿ... ನನಗೆ ಹೊಳೆಯಲಿಲ್ಲ.

"ಹಿಂದೆ ಬರ್ತಿರೋ ಬಿಳಿ ಜೀಪು ಪೊಲೀಸರದು," ಎಂದೆ. "ನಾನೇ ಕರೆಸಿದ್ದು."

ಶುದ್ಧ ಸುಳ್ಳು. ಆ ಜೀಪು ಯಾರದೋ ಏನೋ. ಕನ್ನಡಕದವನು ತಿರುಗಿ ನೋಡಿ ಬೆವರಿದ.

"ಒತ್ತೋ ಆಕ್ಸಿಲರೇಟರ್!"

ಕನ್ನಡಿಯಲ್ಲಿ ಭಾವ ನನ್ನನ್ನೇ ನೋಡಿದರು. ಅವರಿಗೆ ಅರ್ಥವಾಯಿತು. ಕಟ್ಟಿದ ಕೈಯಲ್ಲೇ ಬೆಲ್ಟು ಎಳೆದು ಸಿಕ್ಕಿಸಿಕೊಂಡರು.

"ಸಾಯೋಕೆ ಹೋಗೋನಿಗೆ ಬೆಲ್ಟ್ ಬೇರೆ ಕೇಡು," ಎಂದು ನಕ್ಕ ಡ್ರೈವರ್.

ನಾನು ಮುಂದಿನ ಸೀಟಿಗೆ ಮೊಣಕಾಲು ಒತ್ತಿ ಕೂತೆ.

ನೂರು... ನೂರಹತ್ತು...

ಢಮಾರ್!

ಸ್ಟೀರಿಂಗ್ ಡ್ರೈವರ್ ಕೈಯಿಂದ ಕಿತ್ತುಕೊಂಡಿತು. ಕಾರು ಎಡಕ್ಕೆ ನುಗ್ಗಿ ಮೋರಿಯ ಕಟ್ಟೆಗೆ ಅಪ್ಪಳಿಸಿತು. ಡ್ರೈವರ್ ಗಾಜು ಒಡೆದುಕೊಂಡು ಹೊರಗೆ ಹೋದವನು ಮತ್ತೆ ಏಳಲಿಲ್ಲ. ಪಿಸ್ತೂಲಿನಿಂದ ಗುಂಡು ಹಾರಿ ಚಾವಣಿ ಹೊಕ್ಕಿತು.

ಕನ್ನಡಕದವನು ಬಾಗಿಲು ತಳ್ಳಿ ಹೊರಗೆ ಬಿದ್ದ. ಪಿಸ್ತೂಲು ಬಿಟ್ಟಿರಲಿಲ್ಲ. ಅವನ ಕೈ ಇನ್ನೂ ಬಾಗಿಲ ಸಂದಿಯಲ್ಲಿತ್ತು. ಬಾಗಿಲನ್ನು ಜೋರಾಗಿ ಎಳೆದು ಹಾಕಿದೆ. ಮೂಳೆ ಲಟಕ್ಕೆಂದಿತು. ಇನ್ನೊಮ್ಮೆ ಹಾಕಿದೆ. ಭಾವನ ಕಿವಿಯ ಲೆಕ್ಕಕ್ಕೆ ಮತ್ತೂ ಒಮ್ಮೆ.

ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು.

"ಭಾವಾ... ಇದೀರಾ?"

"ಇದೀನಿ ಕಣೋ. ಕಾಲು ಇದೆಯಾ ನೋಡು."

ನೋಡಿದೆ. ಇತ್ತು, ಆದರೆ ಇರಬೇಕಾದ ಕಡೆ ಇರಲಿಲ್ಲ. ಅವರನ್ನು ತಬ್ಬಿ ಹೊರಗೆಳೆದೆ. ಅವರು ಕೂಗಿದ ಕೂಗು ಈಗಲೂ ನನ್ನ ನಿದ್ದೆ ಕೆಡಿಸುತ್ತದೆ.

ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಎಡಗಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

ಆಪರೇಷನ್ ಕೋಣೆಯ ಹೊರಗೆ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ಆ ಕಾರನ್ನ ಅಂಗಡಿಗೆ ಕಳ್ಸಿದ್ದು ಯಾರು?"

"ನಾನೇ ಅಕ್ಕ."

"ಅವ್ರಿಗೆ ಹೇಳಿದ್ಯಾ?"

"ಇಲ್ಲ."

ಎದ್ದು ಬಂದು ಕಪಾಳಕ್ಕೆ ಒಂದು ಬಿಟ್ಟಳು. ಮೂರನೇ ಹಲ್ಲೂ ಅಲುಗಾಡಿತು.

ಅವತ್ತು ತಿಂದ ಏಟುಗಳಲ್ಲಿ, ನ್ಯಾಯವಾಗಿ ನನಗೆ ಬೀಳಬೇಕಾಗಿದ್ದುದು ಅದೊಂದೇ.