ಐದು ತಪ್ಪು ಪಾಸ್‌ವರ್ಡ್

ಕನ್ನಡಕದ ಅಂಗಡಿಯ ಮೂರು ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡ್. ಅದನ್ನೂ ಹಳದಿ ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸಿದ್ದರು. ಗಿರಾಕಿಗಳ ಕಣ್ಣಿನ ನಂಬರಿದ್ದ ಫೈಲು ಒಂದು ದಿನ ಮಾಯವಾದಾಗ ಅಕ್ಕ ಭಾವನತ್ತ ನೋಡಿದಳು. ಭಾವ, ಲೆನ್ಸ್ ಕೊರೆಯುತ್ತಿದ್ದ ಅವಳ ತಮ್ಮನತ್ತ ನೋಡಿದ. ಅವನು ಯಾರತ್ತ ನೋಡುವುದೆಂದು ತಿಳಿಯದೆ ಕೈಯಲ್ಲಿದ್ದ ಲೆನ್ಸನ್ನೇ ನೋಡಿದ.

ಹಾಗಾಗಿ ಸಿಸ್ಟಮ್ ಅಡ್ಮಿನ್ ಬಂದಳು. ಬಂದವಳೇ ಚೀಟಿ ಕಿತ್ತಳು.

"ಇದು ಯಾರ ಪಾಸ್‌ವರ್ಡ್?"

"ಎಲ್ಲರದ್ದೂ," ಎಂದ ಅವನು.

"ಹಾಗಾದ್ರೆ ಫೈಲ್ ಅಳಿಸಿದ್ದು ಯಾರು ಅಂತ ಆ ದೇವರಿಗೂ ಗೊತ್ತಾಗಲ್ಲ. ಬಿಡಿ, ಬ್ಯಾಕಪ್ ಇದೆ, ತೆಗೆದುಕೊಡ್ತೀನಿ."

ಭಾವ ಹೋದ ಜೀವ ಬಂದಂತೆ ಉಸಿರು ಬಿಟ್ಟ. ಅಳಿಸಿದ್ದು ಯಾರೆಂದು ತಿಳಿಯಲು ಅಕ್ಕನಿಗೆ ಅಷ್ಟೇ ಸಾಕಾಯಿತು.

ಮೂರು ದಿನದ ಕೆಲಸ. ಒಬ್ಬೊಬ್ಬರಿಗೂ ಬೇರೆ ಅಕೌಂಟ್. ಕಣ್ಣು ಪರೀಕ್ಷಿಸುವ ಅಕ್ಕ ನಂಬರು ಬರೆಯಬಹುದು, ತಿದ್ದಬಹುದು. ಅವನು ಓದಬಹುದು, ಅಷ್ಟೆ. ಭಾವನಿಗೆ ಬಿಲ್ಲಿನ ಫೋಲ್ಡರ್ ಬಿಟ್ಟರೆ ಬೇರೇನೂ ತೆರೆಯುವುದಿಲ್ಲ. ಭಾವ ಮುಖ ಊದಿಸಿಕೊಂಡ.

"ನಿಮ್ಮ ಒಳ್ಳೇದಕ್ಕೇ ಸರ್. ಇನ್ಮೇಲೆ ಏನು ಕಳೆದ್ರೂ ನಿಮ್ಮ ಹೆಸರು ಬರಲ್ಲ," ಎಂದಳು. ಭಾವ ಕರಗಿಹೋಗಿ ಅವಳಿಗೆ ಒಳ್ಳೆಯ ಕುರ್ಚಿ ತಂದು ಹಾಕಿದ.

ಅಕ್ಕನ ತಮ್ಮ ಅವಳಿಗೆ ಸೋತದ್ದು ಮಾತ್ರ ಮಾತಿಗಲ್ಲ. "ಪಾಸ್‌ವರ್ಡ್ ಹಾಕಿ" ಅಂದ ತಕ್ಷಣ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ತೋರಿಕೆಗಲ್ಲ, ಪೂರ್ತಿ ತಿರುಗಿ, ಗೋಡೆಯ ಮೇಲಿದ್ದ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ಮೇಲಿನಿಂದ ಕೆಳಗೆ ಓದುತ್ತ ನಿಲ್ಲುತ್ತಿದ್ದಳು. ಮೂರೂ ಕಂಪ್ಯೂಟರು ಅವಳ ಕೈಯಲ್ಲಿದ್ದವು, ಯಾರ ಫೋಲ್ಡರನ್ನಾದರೂ ತೆರೆಯಬಹುದಿತ್ತು. ಆದರೂ ಯಾರ ಬೆರಳು ಎಲ್ಲಿ ಹೋಗುತ್ತದೆ ಎಂದು ಕೂಡ ನೋಡಲಿಲ್ಲ. ಇಂಥವರೂ ಇರುತ್ತಾರಾ ಅನ್ನಿಸಿ ಅವನ ಮನಸ್ಸು ತುಂಬಿ ಬಂತು.

ಸಡಿಲವಾದ ಕನ್ನಡಕ ಅವಳ ಮೂಗಿನ ಮೇಲೆ ಜಾರುತ್ತಿತ್ತು. ಮಣಿಕಟ್ಟಿನಿಂದ ಮೇಲೆ ತಳ್ಳಿಕೊಳ್ಳುತ್ತಿದ್ದಳು. ಸಾವಿರಾರು ಮುಖಗಳನ್ನು ಅಳೆದಿದ್ದ ಅವನ ಕೈ ಎಂಟು ಅಕ್ಷರ ಒತ್ತಲು ಒದ್ದಾಡಿತು.

"ಆಯ್ತಾ?"

"ಇನ್ನೂ ಸ್ವಲ್ಪ ಇದೆ."

"ನಾನು ಕೇಳಿದ್ದು ಪಾಸ್‌ವರ್ಡ್, ಕಾದಂಬರಿ ಅಲ್ಲ."

ಹೊರಡುವಾಗ ಎಚ್ಚರಿಸಿದಳು: "ಐದು ಸಲ ತಪ್ಪಾದ್ರೆ ಅಕೌಂಟ್ ಲಾಕ್ ಆಗುತ್ತೆ. ಆಮೇಲೆ ನಾನೇ ಬಂದು ತೆಗೀಬೇಕು."

ಅದನ್ನು ಅವನೆದುರು ಹೇಳಬಾರದಿತ್ತು.

ಸೋಮವಾರ ಅವನ ಅಕೌಂಟ್ ಲಾಕ್ ಆಯಿತು. ಬುಧವಾರವೂ ಆಯಿತು. "ಮರೆತೇ ಹೋಯ್ತು ನೋಡಿ," ಅನ್ನುತ್ತಿದ್ದ. ಅವಳು ಬಂದು ತೆಗೆದು, ಗೋಡೆಯತ್ತ ತಿರುಗುತ್ತಿದ್ದಳು. ಶುಕ್ರವಾರ ಮತ್ತೆ ಲಾಕ್ ಆದಾಗ ಬಂದವಳು ಮೊದಲು ಒಳಗೆ ಅಕ್ಕನ ಹತ್ತಿರ ಹೋಗಿಬಂದಳು. ಅವನ ಬಳಿ ಕೂರಲಿಲ್ಲ. ತನ್ನ ಅಕೌಂಟಿನಿಂದ ಲಾಗಿನ್ನುಗಳ ದಾಖಲೆ ತೆರೆದು ಮಾನಿಟರನ್ನು ಅವನತ್ತ ತಿರುಗಿಸಿದಳು.

"ಮೂರು ದಿನವೂ ಹನ್ನೊಂದು ಗಂಟೆ ಐದು ನಿಮಿಷಕ್ಕೆ. ಐದು ತಪ್ಪೂ ಹತ್ತೇ ಸೆಕೆಂಡಲ್ಲಿ. ನಿಜವಾಗ್ಲೂ ಮರೆತೋರು ಮಧ್ಯೆ ಒಂದ್ಸಲ ಯೋಚನೆ ಮಾಡ್ತಾರೆ. ನೀವು ಉಸಿರೂ ತಗೊಂಡಿಲ್ಲ."

ಅವನು ಒರೆಸಿದ ಲೆನ್ಸನ್ನೇ ಮತ್ತೆ ಒರೆಸಿದ.

"ಲಾಕ್ ತೆಗೆಯೋದನ್ನ ಈಗಷ್ಟೇ ನಿಮ್ಮ ಅಕ್ಕಂಗೆ ಕಲಿಸಿದೀನಿ. ಇನ್ಮೇಲೆ ನಾನು ಬರಬೇಕಾಗಿಲ್ಲ."

ಇವತ್ತು ಬಾಯಿ ಬಿಡದಿದ್ದರೆ ಇವಳು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ.

"ನೀವು ಬರ್ಲಿ ಅಂತಾನೇ ಮಾಡ್ದೆ. ತಪ್ಪು ನಂದೇ. ಎಲ್ಲಾ ನೋಡೋ ಅಧಿಕಾರ ಇದ್ರೂ ಮುಖ ತಿರುಗಿಸಿ ನಿಲ್ಲೋರನ್ನ ನಾನು ಇನ್ನೆಲ್ಲೂ ನೋಡಿಲ್ಲ. ನೀವಂದ್ರೆ ನಂಗಿಷ್ಟ. ತುಂಬಾ."

ಅವಳು ಗೋಡೆಯತ್ತ ತಿರುಗಿದಳು. ಎಲ್ಲ ಮುಗಿಯಿತು ಎಂದುಕೊಂಡ ಅವನು.

"ಆ ಕೊನೇ ಸಾಲು," ಎಂದಳು ನಿಧಾನವಾಗಿ, "ಇಷ್ಟು ದಿನವಾದ್ರೂ ನಂಗೆ ಓದೋಕಾಗಿಲ್ಲ."

"ಗೊತ್ತು. ನಿಮ್ಮ ನಂಬರ್ ಬದಲಾಗಿದೆ. ಫ್ರೇಮೂ ಎಡಕ್ಕೆ ವಾಲಿದೆ. ಮೊದಲ ದಿನವೇ ಗೊತ್ತಾಯ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನೀವು ಕೇಳಿರ್ಲಿಲ್ವಲ್ಲ."

ಅವಳು ಥಟ್ಟನೆ ತಿರುಗಿ ಅವನನ್ನು ನೋಡಿದಳು. ಕನ್ನಡಕ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಸರಿ ಮಾಡ್ಕೊಡಿ. ಅಲ್ಲಿವರೆಗೂ ನಂಗೆ ಹತ್ತಿರದ್ದು ಮಾತ್ರ ಕಾಣೋದು," ಎನ್ನುತ್ತ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.

"ಲಾಕ್ ತೆಗೆದೆ ಕಣೋ!" ಒಳಗಿನಿಂದ ಅಕ್ಕ ಹೆಮ್ಮೆಯಿಂದ ಕೂಗಿದಳು.

ಅವನು ಕೀಬೋರ್ಡಿನ ಮೇಲೆ ಬೆರಳಿಟ್ಟು, ಅವಳು ತಿರುಗಲೆಂದು ಕಾದ. ಅವಳು ತಿರುಗಲಿಲ್ಲ. ಬೆರಳುಗಳನ್ನೂ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತ ಕೂತಳು.

ಅವನು ಎಂಟಕ್ಷರ ಒತ್ತಿದ. ತಪ್ಪಾಯಿತು, ಈ ಸಲ ನಿಜವಾಗಿಯೂ.

"ಒಂದು," ಎಂದಳು ನಗು ತಡೆಯುತ್ತ. "ಇನ್ನೂ ನಾಲ್ಕಿದೆ. ನಿಧಾನಕ್ಕೆ ಹಾಕಿ, ನಂಗೇನೂ ಅವಸರ ಇಲ್ಲ."